ಡೈವೋರ್ಸ್ ಆದರೆ ಮನೆ, ಹೊಲ, ಬಂಗಾರ ಯಾರಿಗೆ? ಅರ್ಜಿ ಹಾಕುವ ಮುಂಚೆ ಮಾಡಬೇಕಾದ ಕೆಲಸ

ಡೈವೋರ್ಸ್ ಆದರೆ ಗಂಡನ ಆಸ್ತಿಯಲ್ಲಿ ಅರ್ಧ ಹೆಂಡತಿಗೆ ಬರುತ್ತದೆ ಅನ್ನೋದು ಧಾರಾವಾಹಿ ನೋಡಿ ಬಂದ ನಂಬಿಕೆ. ನಮ್ಮ ಕಾನೂನಿನಲ್ಲಿ ಹಾಗಿಲ್ಲ. ಆಸ್ತಿ ಯಾರ ಹೆಸರಲ್ಲಿದೆಯೋ ಸಾಮಾನ್ಯವಾಗಿ ಅವರದ್ದೇ. ಹಾಗಂತ ಹೆಂಡತಿ ಬರಿಗೈಲಿ ಹೋಗಬೇಕು ಅಂತಲೂ ಅಲ್ಲ. ಬಂಗಾರ, ಜೀವನಾಂಶ, ವಾಸದ ಹಕ್ಕು, ಮಕ್ಕಳ ಪಾಲು ಇವೆಲ್ಲ ಬೇರೆ ಬೇರೆ ಲೆಕ್ಕ. ಎಲ್ಲ ಕಲಸಿ ಸುಮ್ನೆ "ಅರ್ಧ ಕೊಡಿಸಿ" ಅಂದರೆ ತಾರೀಖಿನ ಮೇಲೆ ತಾರೀಖು ತಿರುಗೋದೇ ಆಗುತ್ತದೆ.

ಮೊದಲು ಕಾಗದ ಕೂಡಿಸಿ

ಮದುವೆ ಫೋಟೋ, ಲಗ್ನಪತ್ರಿಕೆ, ಆಧಾರ್, ಮಕ್ಕಳ ಜನನ ಪತ್ರ ಹೇಗೂ ಬೇಕು. ಜಾಸ್ತಿ ಜನ ಮರೆಯೋದು ಪಹಣಿ (ಹೊಲದ ಸರ್ಕಾರಿ ದಾಖಲೆ) ಮತ್ತು ಇಸಿ (ಆಸ್ತಿಯ ಋಣಭಾರ ಪ್ರಮಾಣಪತ್ರ). ಗಂಡನಿಗೆ ಕಲಬುರಗಿ ಜಿಲ್ಲೆಯ ಜೇವರ್ಗಿ ಕಡೆ ಹತ್ತು ಎಕರೆ ತೊಗರಿ ಹೊಲ ಇದೆ ಅಂದುಕೊಳ್ಳಿ. ಪಹಣಿಯ 9ನೇ ಕಾಲಂ ನೋಡಿ, ಅಲ್ಲಿ ಮಾವನ ಹೆಸರೇ ಇದ್ದರೆ ಹೊಲ ಇನ್ನೂ ಗಂಡನ ಹೆಸರಿಗೆ ಬಂದಿಲ್ಲ ಎಂದು ಅರ್ಥ. 11ನೇ ಕಾಲಂನಲ್ಲಿ ಬ್ಯಾಂಕಿನ ಸಾಲ, ಋಣ ಇದ್ದರೆ ಕಾಣುತ್ತದೆ. ಊರಲ್ಲಿ ಎಲ್ಲರೂ "ಅವರದೇ ಹೊಲ" ಅಂದರೆ ಕೋರ್ಟ್ ಒಪ್ಪೋದಿಲ್ಲ, ಹಾಳೆ ಬೇಕು.

ಬಂಗಾರದ ಪಟ್ಟಿ ಮಾಡಿ

ನನ್ನ ಪ್ರಕಾರ ಅತಿ ಮುಖ್ಯ ಕೆಲಸ ಇದೇ. ತವರಿನವರು ಹಾಕಿದ ಬಂಗಾರ, ಅತ್ತೆ ಮನೆಯವರು ಹಾಕಿದ್ದು, ಬೀಗರು ಆಯೇರಿ ಅಂತ ಹೆಣ್ಣಿಗೆ ಕೊಟ್ಟಿದ್ದು ಎಲ್ಲ ಸ್ತ್ರೀಧನ, ಅದು ಪೂರ್ತಿ ಅವಳದ್ದು. ಗಂಡನ ಕಪಾಟಿನಲ್ಲೋ ಅತ್ತೆಯ ಲಾಕರಿನಲ್ಲೋ ಇದ್ದ ಮಾತ್ರಕ್ಕೆ ಅವರದ್ದಾಗುವುದಿಲ್ಲ. ಸುಪ್ರೀಂ ಕೋರ್ಟ್ 1985ರಲ್ಲೇ ಇದನ್ನು ಹೇಳಿದೆ, 2024ರಲ್ಲಿ ಮತ್ತೊಮ್ಮೆ ಹೇಳಿದೆ. ಕಷ್ಟ ಇರೋದು ಸಾಬೀತು ಮಾಡೋದರಲ್ಲಿ. ಒಂದು ಬಿಳಿ ಹಾಳೆ ತಗೊಂಡು ಒಂದೊಂದು ಸಾಲಿಗೆ ಒಂದು ಒಡವೆ ಬರೆಯಿರಿ: ಬೋರಮಾಳ, ಎಷ್ಟು ತೊಲೆ, ಯಾರು ಹಾಕಿದ್ದು, ಈಗ ಯಾರ ಹತ್ತಿರ ಇದೆ. ಪಕ್ಕದಲ್ಲಿ ಅಂಗಡಿ ರಸೀದಿ, ರಸೀದಿ ಇಲ್ಲದಿದ್ದರೆ ಆಲ್ಬಮ್ಮಿನಲ್ಲಿ ಆ ಒಡವೆ ಹಾಕಿಕೊಂಡ ಫೋಟೋ. ಮಂಚ, ಕಪಾಟು, ಭಾಂಡೆ ಸಾಮಾನು ಸಹ ಬರೆಯಿರಿ. ಮದುವೆಯಲ್ಲಿ ಇಬ್ಬರಿಗೂ ಸೇರಿಸಿ ಕೊಟ್ಟ ವಸ್ತುಗಳ ಬಗ್ಗೆ ಹಿಂದೂ ವಿವಾಹ ಕಾಯ್ದೆಯ 27ನೇ ಕಲಂ ಅಡಿ ಅದೇ ಕೇಸಿನಲ್ಲಿ ಆದೇಶ ಕೇಳಬಹುದು.

ಯಾವ ಕಾಯ್ದೆ, ಯಾವ ಕೋರ್ಟು

1955ರ ಹಿಂದೂ ವಿವಾಹ ಕಾಯ್ದೆ ಲಿಂಗಾಯತರು, ಜೈನರು, ಬೌದ್ಧರು, ಸಿಖ್ಖರಿಗೂ ಅನ್ವಯಿಸುತ್ತದೆ, ಹಾಗಾಗಿ ಬೀದರಿನ ಬಹಳಷ್ಟು ಮನೆಗಳು ಇದರಲ್ಲೇ ಬಂದವು. ಮುಸ್ಲಿಂ ಹೆಣ್ಣುಮಕ್ಕಳಿಗೆ ಖುಲಾ (ಹೆಂಡತಿಯೇ ಕೇಳಿ ಪಡೆಯುವ ವಿಚ್ಛೇದನ) ಇದೆ, 1939ರ ಕಾಯ್ದೆ ಪ್ರಕಾರ ಕೋರ್ಟಿಗೂ ಹೋಗಬಹುದು, ಮಹರ್ (ಮದುವೆಯಲ್ಲಿ ಗಂಡ ಹೆಂಡತಿಗೆ ಕೊಡಲು ಒಪ್ಪಿದ ಹಣ) ಬಾಕಿ ಇದ್ದರೆ ಅದು ಅವರ ಹಕ್ಕು. ಒಂದೇ ಉಸಿರಿನ ಮೂರು ತಲಾಖ್ 2019ರಿಂದ ಅಪರಾಧ. ಕ್ರಿಶ್ಚಿಯನ್ನರಿಗೆ 1869ರ ಕಾಯ್ದೆ.

ಹಿರಿಯರ ಮುಂದೆ ಬಾಂಡ್ ಪೇಪರ್ ಮೇಲೆ ಸಹಿ ಹಾಕಿ "ಸೋಡಚೀಟಿ (ಬಿಡುಗಡೆ ಪತ್ರ) ಆಯ್ತು, ಮುಗೀತು" ಅನ್ನೋರು ನಮ್ಮ ಕಡೆ ಈಗಲೂ ಇದ್ದಾರೆ. ಸಮುದಾಯದಲ್ಲಿ ಹಳೆಯ ರೂಢಿ ಇದೆ ಎಂದು ಸಾಬೀತು ಮಾಡಿದರೆ ಮಾತ್ರ ಅದಕ್ಕೆ ಬೆಲೆ. ಇಲ್ಲದಿದ್ದರೆ ಮದುವೆ ಕಾನೂನಿನ ಲೆಕ್ಕದಲ್ಲಿ ಹಾಗೇ ಇರುತ್ತದೆ, ಎರಡನೇ ಮದುವೆಯಾದವರು ಸಿಕ್ಕಿಬೀಳುತ್ತಾರೆ.

ಹೈದರಾಬಾದಿನಲ್ಲಿ ಸಂಸಾರ ಮಾಡಿ ಈಗ ಕಲಬುರಗಿಯ ತವರಲ್ಲಿರುವ ಹೆಂಡತಿ ಇಲ್ಲೇ ಕೇಸ್ ಹಾಕಬಹುದು. ತಾನು ವಾಸ ಇರುವ ಕಡೆ ಅರ್ಜಿ ಹಾಕುವ ಹಕ್ಕು ಹಿಂದೂ ವಿವಾಹ ಕಾಯ್ದೆಯಲ್ಲಿ ಹೆಂಡತಿಗಿದೆ. ವಕೀಲರ ಫೀಸಿನ ಚಿಂತೆ ಇದ್ದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟಿದ್ದರೂ ಉಚಿತ ವಕೀಲರು ಸಿಗುತ್ತಾರೆ, ಸಹಾಯವಾಣಿ 15100.

ಇಬ್ಬರೂ ಒಪ್ಪಿದ್ದರೆ

ಒಂದು ವರ್ಷ ಬೇರೆ ಇದ್ದರೆ ಹಿಂದೂ ವಿವಾಹ ಕಾಯ್ದೆಯ 13ಬಿ ಕಲಂ ಅಡಿ ಜಂಟಿ ಅರ್ಜಿ. ಆರು ತಿಂಗಳ ನಂತರ ಮತ್ತೆ ಹೋಗಿ ಒಪ್ಪಿಗೆ ಹೇಳಬೇಕು. ಎಲ್ಲ ತಕರಾರು ಬಗೆಹರಿದಿದ್ದರೆ ಆ ಆರು ತಿಂಗಳನ್ನು ಕೋರ್ಟ್ ಬಿಡಬಹುದು, 2017ರ ತೀರ್ಪು ಇದೆ. ಡಿಕ್ರಿ (ಕೋರ್ಟಿನ ಅಂತಿಮ ಆದೇಶ) ಆಗೋವರೆಗೆ ಯಾರು ಬೇಕಾದರೂ ಒಪ್ಪಿಗೆ ಹಿಂದೆಗೆದುಕೊಳ್ಳಬಹುದು, ಅದಕ್ಕೆ "ದುಡ್ಡು ಆಮೇಲೆ ಕೊಡ್ತೀನಿ" ಅನ್ನೋ ಮಾತಿಗೆ ಒಪ್ಪಬೇಡಿ. ಕೊನೆಯ ಹಾಜರಿಯ ದಿನ ಜಡ್ಜ್ ಮುಂದೆಯೇ ಡಿಡಿ ಕೈಗೆ ಬರಲಿ ಎಂದು ಕರಾರಿನಲ್ಲಿ ಬರೆಸಿ.

ಒಪ್ಪದಿದ್ದರೆ ಜೀವನಾಂಶ

ಕೇಸ್ ನಡೆಯುವಾಗಲೇ ಮಧ್ಯಂತರ ಜೀವನಾಂಶ ಕೇಳಿ. 2020ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ಅರ್ಜಿ ಹಾಕಿದ ದಿನದಿಂದಲೇ ಲೆಕ್ಕ, ಇಬ್ಬರೂ ಆಸ್ತಿ, ಆದಾಯ, ಸಾಲದ ಅಫಿಡವಿಟ್ ಕೊಡಲೇಬೇಕು. "ನನಗೇನೂ ಆದಾಯ ಇಲ್ಲ" ಎಂದು ಗಂಡ ಬರೆದರೆ ಕೂಡಿಸಿಟ್ಟ ಪಹಣಿ ಆಗ ಕೆಲಸಕ್ಕೆ ಬರುತ್ತದೆ, ಅಲ್ವಾ? ಶಾಶ್ವತ ಜೀವನಾಂಶಕ್ಕೆ ಗಂಡನ ಹೊಲ, ಮನೆಯ ಮೇಲೆ ಋಣಭಾರ ಹಾಕಿ ಎಂದೂ ಹಿಂದೂ ವಿವಾಹ ಕಾಯ್ದೆಯ 25ನೇ ಕಲಂ ಅಡಿ ಕೇಳಬಹುದು. ಬಹಳ ಜನ ಇದನ್ನು ಕೇಳೋದೇ ಇಲ್ಲ. ಮುಸ್ಲಿಂ ಹೆಣ್ಣುಮಕ್ಕಳು ಸಹ ಸಾಮಾನ್ಯ ಜೀವನಾಂಶದ ಅರ್ಜಿ ಹಾಕಬಹುದು ಎಂದು 2024ರಲ್ಲಿ ತೀರ್ಪಾಗಿದೆ.

ಮನೆ, ಸೈಟು, ಮಕ್ಕಳ ಪಾಲು

ಹೊಡೆತ, ಬೈಗುಳದ ಕಿರುಕುಳ ಇದ್ದರೆ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ಸಂಸಾರ ಮಾಡಿದ ಮನೆಯಲ್ಲೇ ಇರಲು ಆದೇಶ ಕೇಳಬಹುದು, ಮನೆ ಅತ್ತೆಯ ಹೆಸರಲ್ಲಿದ್ದರೂ. ಇದು ಇರುವ ಹಕ್ಕು, ಮಾಲೀಕತ್ವ ಅಲ್ಲ. ಜಂಟಿ ಹೆಸರಿನ ಸೈಟಿನಲ್ಲಿ ಅವರವರ ಪಾಲು ಅವರವರಿಗೆ. ಜಂಟಿ ಸಾಲಕ್ಕೆ ಮಾತ್ರ ಡೈವೋರ್ಸ್ ಗೊತ್ತಿಲ್ಲ, ಬ್ಯಾಂಕ್ ಇಬ್ಬರನ್ನೂ ಹಿಡಿಯುತ್ತದೆ.

ಗಂಡನ ಪಿತ್ರಾರ್ಜಿತ ಹೊಲದಲ್ಲಿ ಡೈವೋರ್ಸ್ ಆಯ್ತು ಅಂತ ಹೆಂಡತಿಗೆ ಪಾಲು ಬರುವುದಿಲ್ಲ. ಆದರೆ ಹಿಂದೂ ಕಾನೂನಿನಲ್ಲಿ ಮಕ್ಕಳ ಹಕ್ಕು ಹೋಗುವುದಿಲ್ಲ, ಹೆಣ್ಣುಮಗಳದ್ದೂ ಗಂಡುಮಗನಷ್ಟೇ. "ಮಕ್ಕಳಿಗೂ ಇನ್ನು ಸಂಬಂಧ ಇಲ್ಲ" ಅಂತ ಕರಾರಿನಲ್ಲಿ ಒಂದು ಸಾಲು ತೂರಿಸಿರುತ್ತಾರೆ. ಆ ಸಾಲು ಕಂಡರೆ ಸಹಿ ಹಾಕಬೇಡಿ.

ಡಿಕ್ರಿ ಆದ ಮೇಲೆ

ಡಿಕ್ರಿಯ ದೃಢೀಕೃತ ನಕಲು ತಗೊಳ್ಳಿ. ಅಪೀಲಿನ ಅವಧಿ ಮುಗಿಯೋವರೆಗೆ ಮರುಮದುವೆ ಬೇಡ, ಕಲಬುರಗಿ, ಬೀದರ್ ಕಡೆಯ ಕುಟುಂಬ ನ್ಯಾಯಾಲಯದ ಅಪೀಲು ಹೈಕೋರ್ಟಿನ ಕಲಬುರಗಿ ಪೀಠಕ್ಕೆ ಹೋಗುತ್ತದೆ. ಸೈಟು ಬಿಟ್ಟುಕೊಟ್ಟಿದ್ದರೆ ನೋಂದಣಿ ಬೇಕೇ ಎಂದು ವಕೀಲರನ್ನು ಕೇಳಿ, ಖಾತೆ ಬದಲಾಯಿಸಿ. ಎಲ್ಐಸಿ, ಪಿಎಫ್, ಬ್ಯಾಂಕ್ ಖಾತೆಯ ನಾಮಿನಿ ಹೆಸರನ್ನು ಅದೇ ವಾರ ಬದಲಿಸಿಬಿಡಿ.