ಕಡಲತೀರದ ಬಿಸಿಲಿಗೆ ಮೈಯೊಡ್ಡುವ ಮೊದಲು

ಗೋಕರ್ಣದ ಕುಡ್ಲೆ ತೀರದಲ್ಲಿ ವಿದೇಶಿ ಪ್ರವಾಸಿಗರು ನಡುಹಗಲಲ್ಲಿ ಬೆನ್ನು ಕಾಯಿಸುತ್ತ ಮಲಗಿದ್ದರೆ, ಪಕ್ಕದಲ್ಲೇ ನಮ್ಮ ಹೆಣ್ಣುಮಕ್ಕಳು ದುಪಟ್ಟಾದಲ್ಲಿ ಮುಖ ಸುತ್ತಿಕೊಂಡು ನಡೆಯುತ್ತಾರೆ. ಯುರೋಪಿನಲ್ಲೂ ಒಂದು ಕಾಲಕ್ಕೆ ಬಿಸಿಲಿಗೆ ಕಂದಿದ ಮೈ ಹೊಲದ ಕೂಲಿಯ ಗುರುತಾಗಿತ್ತು. ದುಡಿಮೆ ಕಾರ್ಖಾನೆಯೊಳಗೆ ಸೇರಿ, ಬಿಸಿಲು ಬಿಡುವಿದ್ದವರ ಸೊತ್ತಾದ ಮೇಲೆ, 1920ರ ದಶಕದಿಂದ ಅದೇ ಬಣ್ಣ ಷೋಕಿಯಾಯಿತು. ಸಾಣಿಕಟ್ಟಾದ ಉಪ್ಪಿನಾಗರದಲ್ಲಿ ದುಡಿಯುವವರ ಮೈಬಣ್ಣಕ್ಕೆ ನಮ್ಮಲ್ಲಿ ಅಂಥ ಮರ್ಯಾದೆ ಇನ್ನೂ ಸಿಕ್ಕಿಲ್ಲ. ಚರ್ಮಕ್ಕೆ ಈ ಷೋಕಿಯೂ ಗೊತ್ತಿಲ್ಲ, ಈ ತಾತ್ಸಾರವೂ ಗೊತ್ತಿಲ್ಲ. ನೇರಳಾತೀತ ಕಿರಣದ ಹಾನಿಯನ್ನು ತಡೆಯಲು ಅದು ಮೆಲನಿನ್ ಎಂಬ ಕಪ್ಪು ಬಣ್ಣದ್ರವ್ಯವನ್ನು ಹೆಚ್ಚಿಸಿಕೊಳ್ಳುತ್ತದೆ, ಅಷ್ಟೇ.

ಮೊದಲು ಹೊತ್ತು ನೋಡಬೇಕು. ಕಾರವಾರದಲ್ಲಿ ಸೂರ್ಯ ನೆತ್ತಿಗೆ ಬರುವುದು ಹನ್ನೆರಡಕ್ಕಲ್ಲ, ಹನ್ನೆರಡೂವರೆಯ ಸುಮಾರಿಗೆ. ನಿಮ್ಮ ನೆರಳು ನಿಮಗಿಂತ ಗಿಡ್ಡವಾಗಿರುವಷ್ಟು ಹೊತ್ತು ಗಾಳಿಮರದ ನೆರಳಲ್ಲಿರುವುದು ಒಳ್ಳೆಯದು. ಮೋಡ ಕವಿದಿದ್ದರೂ ಕಿರಣ ಇಳಿಯುತ್ತದೆ, ಮರಳು ಮತ್ತು ನೊರೆ ಅದನ್ನು ಕೆಳಗಿನಿಂದಲೂ ಎರಚುತ್ತವೆ. ಕಪ್ಪು ಮೈಯವರಿಗೆ ಸುಡುವುದು ತಡವಾಗಬಹುದು, ಆದರೆ ಸುಡುವುದೇ ಇಲ್ಲವೆಂಬುದು ಸುಳ್ಳು.

ಸನ್‌ಸ್ಕ್ರೀನ್ ಎಸ್‌ಪಿಎಫ್, ಅಂದರೆ ಬಿಸಿಲು ತಡೆಯುವ ಬಲದ ಅಳತೆ, 30ಕ್ಕೆ ಕಡಿಮೆಯಿಲ್ಲದ್ದಿರಲಿ. ಸರಿಯಾಗಿ ಹಚ್ಚಿದರೆ ಅದು ಮೈ ಸುಡುವ ನೇರಳಾತೀತ ಕಿರಣದ (ಯುವಿಬಿ) ಸುಮಾರು 97 ಶೇಕಡಾವನ್ನು ತಡೆಯುತ್ತದೆ. ಸರಿಯಾಗಿ ಎಂದರೆ, ಮುಖ ಮತ್ತು ಕುತ್ತಿಗೆಗೆ ತೋರುಬೆರಳು, ನಡುಬೆರಳುಗಳ ಉದ್ದಕ್ಕೂ ಹಿಂಡಿದಷ್ಟು. ನಮ್ಮಲ್ಲಿ ಹೆಚ್ಚಿನವರು ಕಡಲೆಕಾಳಿನಷ್ಟು ತೆಗೆದುಕೊಂಡು ಉಳಿತಾಯ ಮಾಡುತ್ತಾರೆ. ಎರಡು ತಾಸಿಗೊಮ್ಮೆ, ಈಜಿ ಮೈ ಒರೆಸಿಕೊಂಡ ಮೇಲೂ ಮತ್ತೆ ಹಚ್ಚಬೇಕು. ಕಿವಿಯ ಮೇಲ್ಭಾಗ ಮತ್ತು ಪಾದದ ಮೇಲ್ಭಾಗ ತಪ್ಪಿಹೋಗುವ ಜಾಗಗಳು. ಕೊಬ್ಬರಿ ಎಣ್ಣೆಯನ್ನು ಬಿಸಿಲಿನ ತಡೆಯೆಂದು ನಂಬಬೇಡಿ. ಒದ್ದೆಯಾದ ತೆಳು ಬಿಳಿ ಅಂಗಿಯೂ ಹಾಗೆಯೇ. ಒತ್ತಾಗಿ ನೇಯ್ದ ಗಾಢ ಬಣ್ಣದ ಬಟ್ಟೆ ಮೇಲು.

ಕಪ್ಪಾದ ಮೇಲೆ ಉಜ್ಜುವ ಅಗತ್ಯವಿಲ್ಲ. ಮೇಲ್ಚರ್ಮ ಕಳಚಿ ಹೊಸದಾಗಲು ಸುಮಾರು ನಾಲ್ಕು ವಾರ ಬೇಕು, ಬಣ್ಣವೂ ಅಷ್ಟರಲ್ಲಿ ಇಳಿಯತೊಡಗುತ್ತದೆ. ಲಿಂಬೆರಸ ಹಚ್ಚಿ ಬಿಸಿಲಿಗೆ ಹೋದರೆ ಬೊಬ್ಬೆಯೆದ್ದು ಕಲೆ ಉಳಿಯುವುದುಂಟು. ಬಿಳುಪಿನ ಕ್ರೀಮಿನಲ್ಲಿ ಸ್ಟಿರಾಯ್ಡ್ ಇದ್ದರೆ ಚರ್ಮವೇ ತೆಳುವಾಗುತ್ತದೆ. ಒಡೆದ ಚರ್ಮಕ್ಕೆ ಶಿರಸಿ ಕಡೆಯ ಮುರುಗಲ ತುಪ್ಪ (ಕೋಕಂ ಬೀಜದಿಂದ ತೆಗೆದ ಗಟ್ಟಿ ಎಣ್ಣೆ) ಹಿತ.

1975ರಲ್ಲಿ ಬಂದ ಫೇರ್ ಅಂಡ್ ಲವ್ಲಿ 2020ರಲ್ಲಿ ಹೆಸರಿನಿಂದ ‘ಫೇರ್’ ಕಳಚಿತು. ‘ಹುಡುಗಿ ಎಣ್ಣೆಗಪ್ಪು’ ಎಂದು ದನಿ ತಗ್ಗಿಸುವವರು ನಮ್ಮ ಮದುವೆ ಮನೆಗಳಲ್ಲಿ ಇನ್ನೂ ಇದ್ದಾರೆ. ‘ಎಂತಕ್ಕೆ ಕೂಸೇ ಇಷ್ಟು ಕಪ್ಪಾಗಿದ್ದೆ?’ ಎಂದು ಅತ್ತೆ ಕೇಳಿದರೆ, ‘ಕಡಲಿಗೆ ಹೋಗಿದ್ದಿ ಅತ್ತೆ’ ಎಂದು ಹೇಳಿ ಊಟಕ್ಕೆ ಕುಳಿತರೆ ಸಾಕು.