ಬಿಸಿಲಿಗೆ ನಿಲ್ಲುವ ಅಕ್ಷರ

ಮೈಸೂರಿನ ಮನೆ, ಅಂಗಡಿಗಳಿಗೆ ಲೇಸರ್ ಯಂತ್ರದಲ್ಲಿ ನಾಮಫಲಕ ಕೆತ್ತಿಕೊಡುವುದು ನನ್ನ ಕಸುಬು. ಫಲಕ ಹೊರಗೆ ಹಾಕುವುದಾದರೆ ನಾನು ಮೊದಲು ಕೇಳುವುದು ಗೋಡೆ ಯಾವ ದಿಕ್ಕಿಗಿದೆ ಎಂದು. ಪಶ್ಚಿಮದ ಗೋಡೆಗೆ ಇಳಿಹೊತ್ತಿನ ಬಿಸಿಲೂ ಬೀಳುತ್ತದೆ, ಮುಂಗಾರಿನ ಎರಚಲೂ ಬೀಳುತ್ತದೆ.

ತೇಗದ ಹಲಗೆಯನ್ನು ಲೇಸರ್ ಸುಟ್ಟು ಮೂಡಿಸುವ ಕಂದು ಬಣ್ಣ ಮನೆಯೊಳಗೆ ಬಹಳ ಚೆಂದ. ಹೊರಗೆ ಮರ ಬೂದಿಬಣ್ಣಕ್ಕೆ ತಿರುಗುತ್ತದೆ, ಸುಟ್ಟ ಗುರುತು ಮಾಸುತ್ತದೆ. ಹೀಗಾಗಿ ನಾನು ನೆಚ್ಚುವುದು ಕೆತ್ತನೆಯ ಆಳವನ್ನೇ ಹೊರತು ಸುಟ್ಟ ಬಣ್ಣವನ್ನಲ್ಲ. ಆಳವಾಗಿ ಕೆತ್ತಿ, ತಗ್ಗಿನಲ್ಲಿ ಕೂತ ಮಸಿಯನ್ನು ಉಜ್ಜಿ ತೆಗೆದು ಎನಾಮಲ್ ಬಣ್ಣ ತುಂಬುತ್ತೇನೆ. ಮಸಿ ಉಳಿದರೆ ಬಣ್ಣ ಕಚ್ಚುವುದಿಲ್ಲ. ಕರಿಕಲ್ಲಿನ ಮಾತೂ ಇದೇ: ನಯವಾದ ಗ್ರಾನೈಟ್ ಮೇಲೆ ಲೇಸರ್ ಮೂಡಿಸಿದ ಬಿಳಿ ಅಕ್ಷರ ನೆನೆದಾಗ ಮಂಕಾಗುತ್ತದೆ, ಬಣ್ಣ ತುಂಬಿದರೆ ಮಳೆಯಲ್ಲೂ ಓದಬಹುದು.

ನನಗೆ ಹೆಚ್ಚು ಇಷ್ಟವಾದದ್ದು ಅಕ್ರಿಲಿಕ್‌ನ, ಅಂದರೆ ಗಾಜಿನಂತೆ ಪಾರದರ್ಶಕವಾದ ಪ್ಲಾಸ್ಟಿಕ್ ಹಾಳೆಯ, ಹಿಂಬದಿ ಕೆತ್ತನೆ. ಅಕ್ಷರಗಳನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಹಿಂದಿನಿಂದ ಕೆತ್ತಿದರೆ ಮುಂಭಾಗ ನುಣುಪಾಗಿಯೇ ಉಳಿಯುತ್ತದೆ, ಧೂಳು ಕೂರಲು ಸಂದಿಯಿರುವುದಿಲ್ಲ. ಇದಕ್ಕೆ ಕಾಸ್ಟ್ ಹಾಳೆಯೇ, ಅಂದರೆ ಅಚ್ಚಿನಲ್ಲಿ ಎರಕ ಹೊಯ್ದದ್ದೇ ಬೇಕು. ಯಂತ್ರದಲ್ಲಿ ಒತ್ತಿ ಹೊರತೆಗೆದ ಎಕ್ಸ್‌ಟ್ರೂಡೆಡ್ ಹಾಳೆ ಕರಗಿ ಅಂಟಂಟಾಗುತ್ತದೆ. ಹಾಳೆಯ ರಕ್ಷಣಾ ಕಾಗದವನ್ನು ಕೀಳದೆ ಅದರ ಮೇಲಿಂದಲೇ ಕೆತ್ತುತ್ತೇನೆ; ಆಗ ಕಾಗದವೇ ಅಚ್ಚಾಗುತ್ತದೆ. ತೆಳುವಾಗಿ ಹಲವು ಸಲ ಬಣ್ಣ ಸಿಂಪಡಿಸಿ, ಒಣಗಿದ ಮೇಲೆ ಕಾಗದ ಸುಲಿದರೆ ಅಂಚು ಚೊಕ್ಕವಾಗಿ ಬರುತ್ತದೆ.

ಕನ್ನಡದ ಅಕ್ಷರಗಳಿಗೆ ಇಲ್ಲಿ ವಿಶೇಷ ಎಚ್ಚರ ಬೇಕು. ‘ಧ’ಕಾರದ ಕೆಳಗಿನ ಸೀಳು, ‘ಠ’ದ ನಡುವಿನ ಚುಕ್ಕಿ ಕಿರಿದಾದವು. ವೇಗ ಹೆಚ್ಚಿದ್ದರೆ ಅಷ್ಟು ಸಣ್ಣ ಜಾಗದಲ್ಲಿ ಕಿರಣ ಪೂರ್ಣ ಶಕ್ತಿಗೆ ಏರುವುದರೊಳಗೆ ಯಂತ್ರದ ಲೇಸರ್ ತಲೆ ದಾಟಿಹೋಗಿರುತ್ತದೆ, ಗೆರೆ ಮೇಲುಮೇಲಾಗುತ್ತದೆ. ಸೀಳು ಕಾಣದಿದ್ದರೆ ‘ಧನ’ ‘ದನ’ವಾಗುತ್ತದೆ, ಚುಕ್ಕಿ ಹೋದರೆ ‘ಮಠ’ ‘ಮರ’ವಾಗುತ್ತದೆ. ಒಬ್ಬರ ಹೆಸರನ್ನು ಅವರ ಬಾಗಿಲಲ್ಲೇ ಕೆಡಿಸುವುದು ಸಣ್ಣ ತಪ್ಪಲ್ಲ. ಆದ್ದರಿಂದ ವೇಗ ಇಳಿಸುತ್ತೇನೆ, ಚುಕ್ಕಿಯನ್ನು ವಿನ್ಯಾಸದಲ್ಲೇ ತುಸು ದಪ್ಪ ಮಾಡುತ್ತೇನೆ. ಚುಕ್ಕಿಯ ಸುತ್ತ ಉಳಿಯುವ ಕಾಗದದ ಉಂಗುರ ಅಕ್ಕಿನುಚ್ಚಿನಷ್ಟು ಚಿಕ್ಕದು, ಗಾಳಿಯ ರಭಸಕ್ಕೆ ಏಳುತ್ತದೆ. ಬಣ್ಣ ಹೊಡೆಯುವ ಮುನ್ನ ಭೂತಗನ್ನಡಿ ಹಿಡಿದು ಒಂದೊಂದನ್ನೂ ನೋಡಿ ಒತ್ತುತ್ತೇನೆ.

ಪಿವಿಸಿ ಫೋಮ್ ಬೋರ್ಡ್ ಎಂಬ ಹಗುರ ಪ್ಲಾಸ್ಟಿಕ್ ಹಲಗೆಯನ್ನು ಅಗ್ಗವೆಂದು ಹಲವರು ತರುತ್ತಾರೆ. ಲೇಸರ್ ತಾಗಿದರೆ ಅದರಿಂದ ಹೈಡ್ರೋಜನ್ ಕ್ಲೋರೈಡ್ ಅನಿಲ ಹೊರಡುತ್ತದೆ. ಶ್ವಾಸಕೋಶಕ್ಕೂ ಕೇಡು, ಯಂತ್ರದ ಹಳಿಗೂ ತುಕ್ಕು. ಎಷ್ಟೇ ಪರಿಚಯದವರಾದರೂ ಒಪ್ಪುವುದಿಲ್ಲ.

ಗೋಡೆಗೆ ಕೂರಿಸುವಾಗ ಅಕ್ರಿಲಿಕ್‌ನ ರಂಧ್ರ ಸ್ಕ್ರೂಗಿಂತ ದೊಡ್ಡದಿರಲಿ. ಉಷ್ಣತೆ 20 ಡಿಗ್ರಿ ಏರಿದರೆ ಒಂದು ಮೀಟರ್ ಹಾಳೆ ಸುಮಾರು 1.4 ಮಿಲಿಮೀಟರ್ ಹಿಗ್ಗುತ್ತದೆ, ಬಿಗಿದಿದ್ದರೆ ಸೀಳುತ್ತದೆ. ಒರೆಸಲು ಸೋಪಿನ ನೀರು, ಮೆತ್ತನೆಯ ಬಟ್ಟೆ ಸಾಕು. ಸ್ಪಿರಿಟ್, ಥಿನ್ನರ್ ತಾಗಿದರೆ ಲೇಸರ್ ಕತ್ತರಿಸಿದ ಅಂಚಿನಲ್ಲಿ ಕೂದಲೆಳೆಯ ಬಿರುಕುಗಳೇಳುತ್ತವೆ.