ಬಾಡಿಗೆ ಕಾರಿನ 'ಫುಲ್ ಇನ್ಶೂರೆನ್ಸ್': ಬಳ್ಳಾರಿಗೆ ಹೊಸದಾಗಿ ಬಂದವರು ಕೀಲಿ ಇಸಿದುಕೊಳ್ಳುವ ಮೊದಲು

ತೋರಣಗಲ್ಲಿಗೋ ಕುಡುತಿನಿಗೋ ಕೆಲಸಕ್ಕೆ ಬಂದು ಬಳ್ಳಾರಿಯಲ್ಲಿ ಮನೆ ಮಾಡಿದವರಿಗೆ ಸಾಮಾನು ಜೋಡಿಸಿ ಮುಗಿಯುವ ಮೊದಲೇ ಊರಿಂದ ನೆಂಟರು ಬರುತ್ತಾರೆ. ಹಂಪಿ ನೋಡಬೇಕು, ಅಂಜನಾದ್ರಿ ಹತ್ತಬೇಕು, ತುಂಗಭದ್ರಾ ಡ್ಯಾಮಿಗೆ ಹೋಗಬೇಕು, ಗುರುವಾರ ಸಿಕ್ಕರೆ ಮಂತ್ರಾಲಯ. ಸ್ವಂತ ಕಾರು ಇನ್ನೂ ಹಳೇ ಊರಲ್ಲೇ ಇರುತ್ತದೆ, ಹಾಗಾಗಿ ಸೆಲ್ಫ್ ಡ್ರೈವ್ ಕಾರು ಹುಡುಕುತ್ತೀರಿ. ಕೀಲಿ ಕೊಡುವಾಗ ಮಾಲೀಕ ಹೇಳುವುದು ಒಂದೇ ಮಾತು: "ಫುಲ್ ಇನ್ಶೂರೆನ್ಸ್ ಐತ್ರಿ ಸರ, ಆರಾಮಾಗಿ ಹೋಗಿ ಬರ್ರಿ."

ಅವನು ಸುಳ್ಳು ಹೇಳುತ್ತಿರಲಿಕ್ಕಿಲ್ಲ. ಆದರೆ ಆ ಇನ್ಶೂರೆನ್ಸ್ ಅವನದು, ನಿಮ್ಮದಲ್ಲ.

ಇಲ್ಲಿ ಎರಡು ಕಾಗದ ಇವೆ. ಒಂದು ಪಾಲಿಸಿ, ಅದು ಮಾಲೀಕ ಮತ್ತು ಇನ್ಶೂರೆನ್ಸ್ ಕಂಪನಿಯ ನಡುವಿನದು. ಇನ್ನೊಂದು ಬಾಡಿಗೆ ಕರಾರು, ಅದು ನಿಮ್ಮ ಮತ್ತು ಮಾಲೀಕನ ನಡುವಿನದು. ಪಾಲಿಸಿ ಯಾವುದಕ್ಕೆ ದುಡ್ಡು ಕೊಡುವುದಿಲ್ಲವೋ ಅದನ್ನೆಲ್ಲ ಕರಾರು ನಿಮ್ಮ ತಲೆಗೆ ಕಟ್ಟಿರುತ್ತದೆ, ಅದೂ ಸಣ್ಣ ಅಕ್ಷರದ ಇಂಗ್ಲಿಷಿನಲ್ಲಿ, ಕೊನೇ ಪುಟದಲ್ಲಿ. ಆದ್ದರಿಂದ ಏನೇನು ಸಿಗುತ್ತದೆ ಅಂತ ಕೇಳುವುದಕ್ಕಿಂತ ಏನೇನು ಸಿಗುವುದಿಲ್ಲ ಅಂತ ಕೇಳಿ.

ಮೊದಲು ನಂಬರ್ ಪ್ಲೇಟ್ ನೋಡಿ. ಕಾನೂನು ಪ್ರಕಾರ ಸೆಲ್ಫ್ ಡ್ರೈವ್ ಬಾಡಿಗೆ ಕಾರಿಗೆ ಕಪ್ಪು ಪ್ಲೇಟಿನ ಮೇಲೆ ಹಳದಿ ಅಕ್ಷರ ಇರಬೇಕು. ಕೆಎ-34 ಆಗಲಿ, ಹೊಸಪೇಟೆಯ ಕೆಎ-35 ಆಗಲಿ, ಬಿಳಿ ಪ್ಲೇಟಿದ್ದರೆ ಅದು ಸ್ವಂತ ಬಳಕೆಯ ಕಾರು. ಸ್ವಂತ ಕಾರಿನ ಪಾಲಿಸಿಯಲ್ಲಿ ಬಾಡಿಗೆಗೆ ಬಿಡುವಂತಿಲ್ಲ ಅಂತ ಸ್ಪಷ್ಟವಾಗಿ ಬರೆದಿರುತ್ತದೆ. ಹಾಗಾಗಿ "ವೈಟ್ ಬೋರ್ಡ್, ನಮ್ಮ ಮಾಮಾಂದು, ಕಡಿಮೆ ರೇಟಿಗೆ ಕೊಡ್ತೀನಿ" ಅಂದರೆ ಬೇಡ ಅನ್ನಿ. ಆ ಗಾಡಿ ಜಜ್ಜಿದರೆ ಕ್ಲೇಮ್ ಬಿದ್ದುಹೋಗುತ್ತದೆ, ರಿಪೇರಿ ಖರ್ಚಿಗೆ ಮಾಲೀಕ ನಿಮ್ಮ ಮನೆ ಬಾಗಿಲಿಗೇ ಬರುತ್ತಾನೆ. ಯಾರಿಗಾದರೂ ಏಟಾಗಿ ಕೇಸ್ ಆದರಂತೂ ಕೋರ್ಟು ಮೊದಲು ಕಂಪನಿಯೇ ಪರಿಹಾರ ಕೊಡಲಿ, ಆಮೇಲೆ ಮಾಲೀಕನಿಂದ ವಸೂಲಿ ಮಾಡಿಕೊಳ್ಳಲಿ ಅನ್ನಬಹುದು, ಆದರೆ ಸ್ಟೇರಿಂಗ್ ಹಿಡಿದವರು ನೀವು, ಆ ಕೇಸಿನಲ್ಲಿ ನಿಮ್ಮ ಹೆಸರೂ ಇರುತ್ತದೆ. ಗಾಡಿಯ ನಂಬರ್ ಹಾಕಿದರೆ ಸರ್ಕಾರದ ಎಂಪರಿವಾಹನ್ ಆ್ಯಪಿನಲ್ಲಿ ಇನ್ಶೂರೆನ್ಸ್ ಯಾವ ತಾರೀಖಿನವರೆಗೆ ಇದೆ ಅಂತ ಕಾಣುತ್ತದೆ. ಎರಡು ನಿಮಿಷದ ಕೆಲಸ.

ಇನ್ನು ಪ್ಲೇಟ್ ಸರಿ ಇದೆ, ಪಾಲಿಸಿಯೂ ಚಾಲ್ತಿಯಲ್ಲಿದೆ ಅಂದುಕೊಳ್ಳೋಣ. ಆಗಲೂ ಏನೇನು ಹೊರಗುಳಿಯುತ್ತದೆ?

ನಮ್ಮ ಕಡೆ ಜಾಸ್ತಿ ಸಿಕ್ಕಿಹಾಕಿಕೊಳ್ಳುವುದು ಎಂಜಿನ್ ವಿಷಯದಲ್ಲಿ. ಸಂಡೂರು ಕಡೆ ಅದಿರು ಲಾರಿ ಓಡಾಡುವ ರಸ್ತೆಯಲ್ಲಿ ಗುಂಡಿ ತಪ್ಪಿಸಲು ಹೋಗಿ ಕಾರಿನ ಹೊಟ್ಟೆ ಕಲ್ಲಿಗೆ ಬಡಿಯುತ್ತದೆ. ಸಂಪ್ (ಎಂಜಿನ್ ಕೆಳಗಿನ ಆಯಿಲ್ ತೊಟ್ಟಿ) ಒಡೆದು ಆಯಿಲ್ ಸೋರಲು ಶುರು. ಡ್ಯಾಶ್‌ಬೋರ್ಡಿನಲ್ಲಿ ಕೆಂಪು ಆಯಿಲ್ ಲೈಟು ಹತ್ತುತ್ತದೆ. ಹೆಂಡತಿ ಮಕ್ಕಳು ಗಾಡಿಯಲ್ಲಿದ್ದಾರೆ, ಕತ್ತಲಾಗುತ್ತಿದೆ, ಹೇಗೋ ಊರು ಮುಟ್ಟೋಣ ಅಂತ ಓಡಿಸಿಬಿಡುತ್ತೀರಿ. ಎಂಜಿನ್ ಸೀಜ್ ಆಗುತ್ತದೆ, ಅಂದರೆ ಒಳಗೆ ಬಿಗಿದು ನಿಂತುಬಿಡುತ್ತದೆ. ಈಗ ಹಾನಿ ಅಂದಾಜು ಮಾಡುವ ಇನ್ಶೂರೆನ್ಸ್ ಸರ್ವೇಯರ್ ಬಂದು ನೋಡಿದರೆ ಸಂಪ್ ಒಡೆದದ್ದು ಅಪಘಾತ, ಅದಕ್ಕೆ ದುಡ್ಡು ಕೊಡುತ್ತಾರೆ. ಎಂಜಿನ್ ಸೀಜ್ ಆದದ್ದು ಗಾಡಿ ನಿಲ್ಲಿಸದೆ ಓಡಿಸಿದ್ದರಿಂದ, ಅದಕ್ಕೆ ಇಲ್ಲ. ಏಟು ಬಿದ್ದ ಮೇಲೆ ರಿಪೇರಿ ಮಾಡಿಸದೆ ಓಡಿಸಿ ಹಾನಿ ಹೆಚ್ಚಾದರೆ ಕಂಪನಿ ಜವಾಬ್ದಾರಿಯಲ್ಲ ಅಂತ ಪಾಲಿಸಿಯ ಷರತ್ತಿನಲ್ಲೇ ಇದೆ. ಸಂಪ್‌ಗೆ ಸಾವಿರಗಳಲ್ಲಿ ಖರ್ಚು, ಎಂಜಿನ್‌ಗೆ ಲಕ್ಷ ಮುಟ್ಟಬಹುದು. ಕೆಂಪು ಲೈಟು ಬಂತು ಅಂದರೆ ಅಲ್ಲೇ ಆಫ್ ಮಾಡಿ, ಮಾಲೀಕನಿಗೆ ಫೋನ್ ಮಾಡಿ. ಬೈದರೆ ಬೈಯಲಿ.

ಮಳೆನೀರಿನದೂ ಇದೇ ಕಥೆ. ರೈಲ್ವೆ ಅಂಡರ್‌ಬ್ರಿಡ್ಜಿನಲ್ಲೋ ತುಂಬಿದ ಹಳ್ಳದಲ್ಲೋ ಕಾರು ನಿಂತಿತು. ಅಲ್ಲಿಗೆ ಬಿಟ್ಟರೆ ಅಷ್ಟೇ ಹಾನಿ. ಕೀಲಿ ತಿರುವಿ ಮತ್ತೆ ಸ್ಟಾರ್ಟ್ ಮಾಡಿದರೆ ಒಳಗೆ ಹೋದ ನೀರನ್ನು ಪಿಸ್ಟನ್ ಒತ್ತಲಾಗದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಸಾದಾ ಪಾಲಿಸಿ ಇದಕ್ಕೆ ಕೊಡುವುದಿಲ್ಲ, ಎಂಜಿನ್ ಪ್ರೊಟೆಕ್ಟ್ ಅಂತ ಬೇರೆ ಆ್ಯಡ್-ಆನ್ (ಹೆಚ್ಚುವರಿ ದುಡ್ಡು ಕೊಟ್ಟು ಸೇರಿಸಿಕೊಳ್ಳುವ ರಕ್ಷಣೆ) ತಗೊಂಡಿರಬೇಕು. ಇದೆಯಾ ಅಂತ ಮಾಲೀಕನನ್ನು ಕೇಳಿ, ಪಾಲಿಸಿ ಕಾಪಿಯಲ್ಲಿ ತೋರಿಸು ಅನ್ನಿ.

ಟೈರ್ ಒಂದೇ ಹರಿದರೆ ಏನೂ ಸಿಗುವುದಿಲ್ಲ. ಗಾಡಿಗೂ ಏಟಾಗಿ ಟೈರೂ ಹೋಗಿದ್ದರೆ ಅರ್ಧ ಸಿಗುತ್ತದೆ. ಬಂಪರಿನಂಥ ಪ್ಲಾಸ್ಟಿಕ್ ಭಾಗಕ್ಕೂ ಅರ್ಧವೇ, ಯಾಕೆಂದರೆ ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ ಶೇ. 50 ಸವಕಳಿ (ಬಳಸಿ ಹಳೆಯದಾದದ್ದಕ್ಕೆ ಬೆಲೆಯಲ್ಲಿ ಮುರಿಯುವ ಪಾಲು) ಕಳೆಯುತ್ತಾರೆ. 8,000 ರೂಪಾಯಿ ಬಂಪರ್ ಅಂದರೆ 4,000, ಅದರಲ್ಲಿ ಮತ್ತೆ ಪ್ರತಿ ಕ್ಲೇಮಿಗೂ ಕಡ್ಡಾಯವಾಗಿ ಮುರಿಯುವ ಮೊತ್ತ ಕಳೆಯಬೇಕು. ಜೀರೋ ಡೆಪ್ ಅನ್ನುವ ಆ್ಯಡ್-ಆನ್ ಇದ್ದರೆ ಸವಕಳಿ ಕಳೆಯುವುದಿಲ್ಲ. ಗಾಜಿಗೆ ಸವಕಳಿ ಇಲ್ಲ, ಆದರೆ ಲಾರಿ ಚಕ್ರದಿಂದ ಕಲ್ಲು ಸಿಡಿದು ಮುಂದಿನ ಗಾಜು ಬಿರುಕು ಬಿಟ್ಟರೆ ಮಾಲೀಕ ಕ್ಲೇಮ್ ಮಾಡುವುದೇ ಇಲ್ಲ. ಮಾಡಿದರೆ ಅವನ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದವರಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಹೋಗುತ್ತದಲ್ವಾ, ಅದಕ್ಕೆ ನಿಮ್ಮ ಅಡ್ವಾನ್ಸಿನಲ್ಲೇ ಮುರಿದುಕೊಳ್ಳುತ್ತಾನೆ. ಗಾಡಿ ಗ್ಯಾರೇಜಿನಲ್ಲಿ ನಿಂತ ದಿನಗಳ ಬಾಡಿಗೆಯೂ ಹೀಗೇ, ಪಾಲಿಸಿ ಕೊಡದೆ ಇದ್ದದ್ದು ಕರಾರಿನಲ್ಲಿ ನಿಮ್ಮ ಲೆಕ್ಕಕ್ಕೆ ಬಂದಿರುತ್ತದೆ. ಎಷ್ಟು ದಿನದವರೆಗೆ ಅಂತ ಮಿತಿ ಬರೆಸಿಕೊಳ್ಳಿ, ಇಲ್ಲದಿದ್ದರೆ ಗ್ಯಾರೇಜಿನವನು ಸ್ಪೇರ್ ಬಂದಿಲ್ಲ ಅಂತ ಹೇಳಿದಷ್ಟು ದಿನವೂ ಮೀಟರ್ ಓಡುತ್ತಿರುತ್ತದೆ.

ಕೆಲವು ಆ್ಯಪ್‌ಗಳಲ್ಲಿ ಬುಕಿಂಗ್ ಮಾಡುವಾಗ ಡ್ಯಾಮೇಜ್ ಪ್ರೊಟೆಕ್ಷನ್ ಅಂತ ಒಂದಿಷ್ಟು ರೂಪಾಯಿ ಸೇರಿಸುತ್ತಾರೆ. ಇದು ಇನ್ಶೂರೆನ್ಸ್ ಅಂತಲೇ ತಿಳಿದುಕೊಳ್ಳಬೇಡಿ, ಇಷ್ಟು ಮೊತ್ತದ ಮೇಲೆ ನಿಮ್ಮನ್ನು ಕೇಳುವುದಿಲ್ಲ ಅಂತ ಅವರು ಕೊಡುವ ಮಾತು ಅಷ್ಟೇ. ಟೈರ್, ಕೀಲಿ, ಸೀಟು, ಗಾಡಿಯ ಅಡಿಭಾಗ ಇದರಲ್ಲಿ ಸೇರಿದೆಯೋ ಇಲ್ಲವೋ ಓದಿ ನೋಡಿ.

ಕುಡಿದು ಓಡಿಸಿದರೆ, ಲೈಸೆನ್ಸ್ ಅವಧಿ ಮುಗಿದಿದ್ದರೆ ಗಾಡಿ ರಿಪೇರಿಗೆ ಬಿಡಿಗಾಸು ಇಲ್ಲ, ಇದರಲ್ಲಿ ವಾದ ಮಾಡುವಂಥದ್ದು ಏನೂ ಇಲ್ಲ. ಆದರೆ ಜನ ಮರೆಯುವುದು ಬೇರೆ. ಕರಾರಿನಲ್ಲಿ ನಿಮ್ಮ ಹೆಸರು, ನಿಮ್ಮ ಲೈಸೆನ್ಸ್ ಇರುತ್ತದೆ. ಹೊಸಪೇಟೆ ದಾಟಿದ ಮೇಲೆ "ಭಾವ, ಸ್ವಲ್ಪ ನಾನು ಓಡಿಸ್ತೀನಿ" ಅಂತ ಬಾಮೈದ ಕೀಲಿ ಇಸಿದುಕೊಂಡರೆ, ಆಗ ಆದ ಹಾನಿ ಪೂರ್ತಿ ನಿಮ್ಮದೇ ಅಂತ ಬರೆದಿರುವ ಕರಾರುಗಳು ಬೇಕಾದಷ್ಟಿವೆ. ಅವನ ಹೆಸರನ್ನೂ ಮೊದಲೇ ಸೇರಿಸಿ.

ಆಂಧ್ರದ ಗಡಿ ಬಳ್ಳಾರಿಯಿಂದ ಕೂಗಳತೆ ದೂರ. ಗುಂತಕಲ್ಲಿಗೆ, ಮಂತ್ರಾಲಯಕ್ಕೆ ಹೋದರೆ ರಾಜ್ಯ ದಾಟಿದಂತೆಯೇ. ಪಾಲಿಸಿಗೆ ಭಾರತ ಪೂರ್ತಿ ಒಂದೇ, ಕರಾರು ಹಾಗಲ್ಲ. ಎಲ್ಲಿಗೆ ಹೋಗುತ್ತೇವೆ ಅಂತ ಹೇಳಿ, ಟ್ಯಾಕ್ಸ್, ಪರ್ಮಿಟ್ ಯಾರು ನೋಡಿಕೊಳ್ಳಬೇಕು ಅಂತ ಕೇಳಿ, ಆ ಉತ್ತರವನ್ನು ವಾಟ್ಸಾಪಿನಲ್ಲಿ ತರಿಸಿಕೊಳ್ಳಿ. ಬಾಯಿಮಾತು ಬೇಡ.

ಗಾಡಿ ವಿಷಯವೆಲ್ಲ ಬದಿಗಿಡಿ, ಓಡಿಸುವ ನಿಮಗೇ ಏನಾದರೂ ಆದರೆ? ಪಾಲಿಸಿಯಲ್ಲಿ ಕಾಣುವ 15 ಲಕ್ಷದ ಅಪಘಾತ ವಿಮೆ ಮಾಲೀಕ ಸ್ವತಃ ಓಡಿಸುತ್ತಿದ್ದರೆ ಮಾತ್ರ. ಬಾಡಿಗೆಗೆ ಪಡೆದವರಿಗೆ ಅದು ಇಲ್ಲ. ಹೊಸ ಊರಲ್ಲಿ ಬ್ಯಾಂಕ್ ಖಾತೆಯ ವಿಳಾಸ ಬದಲಿಸಲು ಹೋದಾಗ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೂ ಸಹಿ ಹಾಕಿ ಬನ್ನಿ. ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ಸತ್ತರೆ ಮನೆಯವರಿಗೆ 2 ಲಕ್ಷ. ಅದು ಸಾಲದು ನಿಜ, ಅನುಕೂಲವಿದ್ದವರು ದೊಡ್ಡ ಅಪಘಾತ ಪಾಲಿಸಿ ಮಾಡಿಸಿ.

ಗಾಡಿ ತಗೊಳ್ಳುವಾಗ ಸುತ್ತಲೂ, ಅಡಿಗೂ, ಸ್ಟೆಪ್ನಿಗೂ ಮೊಬೈಲಿನಲ್ಲಿ ವಿಡಿಯೋ ಮಾಡಿ, ಮಾಲೀಕನ ಎದುರಿಗೇ. ಅಡ್ವಾನ್ಸಿನಲ್ಲಿ ಮುರಿದುಕೊಂಡರೆ ಗ್ಯಾರೇಜ್ ಬಿಲ್ಲು ಕೇಳಿ. ಬಿಲ್ಲೂ ಇಲ್ಲ, ದುಡ್ಡೂ ಇಲ್ಲ ಅಂದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಪಾಲಿಸಿ ನಿಮ್ಮ ಹೆಸರಲ್ಲಿ ಇಲ್ಲವಾದ್ದರಿಂದ ಇನ್ಶೂರೆನ್ಸ್ ಕಂಪನಿಯ ಮೇಲೆ ನೀವು ದೂರು ಕೊಟ್ಟು ಉಪಯೋಗವಿಲ್ಲ. ನಿಮ್ಮ ವ್ಯವಹಾರ ಬಾಡಿಗೆ ಕೊಟ್ಟವನ ಜೊತೆ, ದೂರೂ ಅವನ ಮೇಲೆಯೇ. ಇಂಗ್ಲಿಷ್ ಕರಾರು ಓದಲು ಕಷ್ಟವಾದರೆ ಫೋಟೋ ತೆಗೆದು ನಮ್ಮ ಸಂಘಕ್ಕೆ ಕಳಿಸಿ, ಕೂತು ಓದಿ ಹೇಳುತ್ತೇವೆ, ಆದರೆ ಸಹಿ ಹಾಕುವ ಮೊದಲು ಕಳಿಸಿ.